ಏಳನೇ ಟ್ಯೂಬಿನಿಂದ ಮುಂದೆ

ನನ್ನ ನಾಲಿಗೆ ಸ್ವಲ್ಪ ಚುರುಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯಲಿರುವುದರಲ್ಲಿ ಅದಕ್ಕೂ ಪಾಲಿದೆ. ಕಾರವಾರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಬಹಳ ವರ್ಷ ಟೆಕ್ನಿಶಿಯನ್ ಆಗಿದ್ದೆ. ಬೆಳಿಗ್ಗೆ ಅವರ್ಸಾದಲ್ಲಿ ಬಸ್ಸು ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು, ನಡುವೆ ಊರವರ ರಕ್ತ, ಮೂತ್ರ, ಕಫ. "ನಿಂಗೆ ಹೇಸಿಗೆ ಆಗೂದಿಲ್ವನೇ?" ಎಂದು ಬಸ್ಸಿನಲ್ಲಿ ಪರಿಚಯದ ಹೆಂಗಸರು ಕೇಳಿದರೆ, "ನಿಮ್ದೂ ಒಂದಿನ ತನ್ನಿ, ಆಗ್ತದೋ ಇಲ್ವೋ ನೋಡಿ ಹೇಳ್ತೆ" ಎನ್ನುತ್ತಿದ್ದೆ. ಆಮೇಲೆ ಅವರು ನನ್ನ ಪಕ್ಕದಲ್ಲಿ ಕೂರುತ್ತಿರಲಿಲ್ಲ. ನನಗೆ ಕಿಟಕಿ ಪಕ್ಕದ ಸೀಟು ಆರಾಮಾಗಿ ಸಿಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಕಳೆದಿರಬೇಕು. ಗೇರಿಗೂ ಮಾವಿಗೂ ಹೂ ಬರುವ ಹೊತ್ತಿಗೆ ನಮ್ಮ ಕಡೆ ಹುಳಕ್ಕೆ ಹೊಡೆಯುವ ಔಷಧದ ಬಾಟಲಿ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಬಂದು ಕೂತಿರುತ್ತದೆ. ಆ ತಿಂಗಳುಗಳಲ್ಲಿ ಆಸ್ಪತ್ರೆಗೆ ಬರುವವರಲ್ಲಿ ಕೆಲವರ ಬೆವರಿಗೇ ಬೆಳ್ಳುಳ್ಳಿಯಂಥ ನಾತ ಇರುತ್ತಿತ್ತು. ಬಾಯಿತುಂಬ ನೊರೆ, ಸಾಸಿವೆ ಕಾಳಿನಷ್ಟು ಸಣ್ಣಗಾದ ಕಣ್ಣಪಾಪೆ, ಎದೆಯೊಳಗೆ ಗೊರಗೊರ. ಅಂಥವರಿಗೆ ಎರಡು ಮದ್ದು ಕೊಡುತ್ತಿದ್ದರು. ಒಂದು ಅಟ್ರೋಪಿನ್, ಅದು ನೊರೆ ಒಣಗಿಸಿ ಉಸಿರಿಗೆ ದಾರಿ ಮಾಡಿಕೊಡುತ್ತದೆ. ಇನ್ನೊಂದನ್ನು ವಾರ್ಡಿನಲ್ಲಿ ಎಲ್ಲರೂ ಪ್ಯಾಮ್ ಎನ್ನುತ್ತಿದ್ದರು. ಮೈಯೊಳಗೆ ವಿಷ ಎಲ್ಲಿ ಕಚ್ಚಿಕೊಂಡಿದೆಯೋ ಅಲ್ಲಿಂದ ಅದನ್ನು ಬಿಡಿಸುವುದು ಇದರ ಕೆಲಸ.

"ಬಿಡಿಸುತ್ತದೆ ಅಂತ ಪುಸ್ತಕ ಹೇಳುತ್ತದೆ" ಎಂದು ನಮಗೆ ಹೇಳಿದವರು ದಕ್ಷಿಣದ ಕಡೆಯ ಒಂದು ಮೆಡಿಕಲ್ ಕಾಲೇಜಿನಿಂದ ಬಂದಿದ್ದ ಡಾಕ್ಟರು. ಮೆತ್ತಗಿನ ದನಿಯ, ದಪ್ಪ ಕನ್ನಡಕದ ಮನುಷ್ಯ. ಅವರದೊಂದು ಅಧ್ಯಯನ ಇತ್ತು. "ಕೊಟ್ಟ ಪ್ಯಾಮ್ ರಕ್ತದಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ನಮಗೆ ಸರಿಯಾಗಿ ಗೊತ್ತಿಲ್ಲಮ್ಮಾ. ಒಬ್ಬರು ಬದುಕುತ್ತಾರೆ, ಇನ್ನೊಬ್ಬರು ಹೋಗುತ್ತಾರೆ. ಬದುಕಿದವರು ಮದ್ದಿನಿಂದ ಬದುಕಿದರೋ, ಹೋದವರು ಮದ್ದು ಸಾಲದೆ ಹೋದರೋ, ಎದೆ ಮುಟ್ಟಿಕೊಂಡು ಹೇಳಲಿಕ್ಕೆ ಆಗುವುದಿಲ್ಲ. ಅಳೆದು ನೋಡಿದರೆ ಏನಾದರೂ ತಿಳಿದೀತು" ಎಂದರು. ಅಳೆಯುವ ಯಂತ್ರ ಅವರ ಕಾಲೇಜಿನಲ್ಲಿತ್ತು. ರಕ್ತ ತೆಗೆದು ಕಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಹೀಗೆ. ಮನೆಯವರು ಒಪ್ಪಿ ಸಹಿ ಹಾಕಿದ ಮೇಲೆ, ಡ್ರಿಪ್ಪಿನಲ್ಲಿ ಪ್ಯಾಮ್ ಶುರುವಾದ ಹೊತ್ತನ್ನು ಬರೆದುಕೊಂಡು, ಅಲ್ಲಿಂದ ಲೆಕ್ಕ ಹಿಡಿದು ಇಂತಿಷ್ಟು ಗಂಟೆಗೊಮ್ಮೆ ಒಂದೊಂದು ಟ್ಯೂಬು ರಕ್ತ. ನಾನಿಲ್ಲದ ಹೊತ್ತಿನದನ್ನು ಡ್ಯೂಟಿಯ ಸಿಸ್ಟರು ತೆಗೆದಿಡುತ್ತಿದ್ದರು. ತೆಗೆದ ಕೂಡಲೇ ಟ್ಯೂಬನ್ನು ಐಸಿನಲ್ಲಿ ಹುಗಿದು ಲ್ಯಾಬಿಗೆ ಓಡಬೇಕು. ಅಲ್ಲಿ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಸಣ್ಣ ಟ್ಯೂಬಿಗೆ ಬಸಿದು ಫ್ರೀಜರಿಗೆ ಹಾಕಬೇಕು. ಕೆಲವು ರೋಗಿಗಳದ್ದು ಒಟ್ಟಾದ ಮೇಲೆ ಥರ್ಮಾಕೋಲ್ ಡಬ್ಬಿಯಲ್ಲಿ ತುಂಬಿ ರೈಲಿಗೆ ಕೊಡಬೇಕು. ಐಸು ಬರುತ್ತಿದ್ದದ್ದು ಮೀನುಬಂದರಿನಿಂದ. ಪುಡಿ ಐಸಿಗೆ ಉಪ್ಪು ಬೆರೆಸಿದರೆ ಚಳಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ನನಗೆ ಕಲಿಸಿದವಳು ಅಲ್ಲಿ ಬುಟ್ಟಿ ಹೊರುವ ಒಬ್ಬ ಹೆಂಗಸು. ಡಬ್ಬಿಯೂ ಅವರದ್ದೇ, ಎಷ್ಟು ತೊಳೆದರೂ ವಾಸನೆ ಹೋಗದು. ರೈಲ್ವೆ ಸ್ಟೇಶನ್ನಿನಲ್ಲಿ ಒಬ್ಬಾತ ಮೂಗು ಅರಳಿಸಿ, "ಎಂತ ಮೀನು ಬಾಯೋರೆ?" ಎಂದು ಕೇಳಿದ. "ಇಸವಾಣ. ಬೇಕಾ?" ಎಂದೆ.

ಆ ಹುಡುಗಿಯನ್ನು ತಂದದ್ದು ಒಂದು ಬೆಳಿಗ್ಗೆ, ನಾನು ಬಸ್ಸಿಳಿದು ಏಪ್ರನ್ ಹಾಕುವಷ್ಟರಲ್ಲಿ. ಬೆಳಂಬಾರದವಳು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು, ಅಂಕೋಲೆಯಲ್ಲಿ ಗೇರುಬೀಜದ ಸಿಪ್ಪೆ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಬೆರಳ ತುದಿಗಳೆಲ್ಲ ಗೇರಿನ ಸೊನೆಯಿಂದ ಕಪ್ಪಾಗಿದ್ದವು. ಹಿಂದಿನ ದಿನ ಮನೆಯಲ್ಲಿ ಅಪ್ಪನಿಗೂ ಅವಳಿಗೂ ಮಾತಿಗೆ ಮಾತು ಬೆಳೆದಿತ್ತು ಎಂದಷ್ಟೇ ತಿಳಿಯಿತು. ಯಾಕೆ, ಏನು ಎಂದು ನಾನು ಕೇಳಲಿಲ್ಲ. ಅಂಥ ಮನೆಯವರಿಗೆ ಆ ಪ್ರಶ್ನೆ ಕೇಳುವವರು ಊರತುಂಬ ಇರುತ್ತಾರೆ.

ಅವಳ ಅಪ್ಪ ಒಂದು ದೋಣಿಯ ತಾಂಡೇಲ. ಸಮುದ್ರದಲ್ಲಿ ಅವರು ಕೈ ಎತ್ತಿದರೆ ಹತ್ತು ಹನ್ನೆರಡು ಜನ ಬಲೆ ಬಿಡುತ್ತಿದ್ದರು. ಅಂಥ ಮನುಷ್ಯ ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲಿಡಬೇಕು ಎಂದು ತಿಳಿಯದೆ ನಿಂತಿದ್ದರು. ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವರು, ಇಂಗ್ಲಿಷು ಬಾರದು. ಒಪ್ಪಿಗೆಯ ಕಾಗದವನ್ನು ಬೆರಳಿಟ್ಟು ಪೂರ್ತಿ ಓದಿ, ನಿಧಾನಕ್ಕೆ ಸಹಿ ಹಾಕಿದರು. "ನನ್ನ ಹುಡ್ಗಿ ಬದುಕ್ತದಲ್ಲಾ ಬಾಯೋರೆ?" ಎಂದರು. "ಮದ್ದು ಶುರು ಮಾಡಿದ್ದಾರೆ. ದೇವರಿದ್ದಾನೆ" ಎಂದೆ. ನಾವೆಲ್ಲ ಹಾಗೆ ಹೇಳುತ್ತಿದ್ದೆವು.

ಮೊದಲ ದಿನ ಆಸ್ಪತ್ರೆಯದ್ದೇ ಪ್ಯಾಮ್ ಇತ್ತು. ನೀರಿನಂತಿರುವ ಮದ್ದು, ಗಾಜಿನ ಆಂಪೂಲುಗಳಲ್ಲಿ. ಆದರೆ ದಾಸ್ತಾನು ಮಾರನೆಯ ಬೆಳಗಿನವರೆಗಷ್ಟೇ ಬರುವಂತಿತ್ತು. ಮುಂದಿನದನ್ನು ಹೊರಗಿನಿಂದ ತರಲು ಚೀಟಿ ಬರೆದುಕೊಟ್ಟರು. ಜೊತೆಗೆ ಎದೆಗೆ ಸೋಂಕಾಗದಿರಲಿ ಎಂದು ಒಂದು ಆಂಟಿಬಯಾಟಿಕ್. ಅಂಗಡಿಯಲ್ಲಿ ಎರಡೂ ಪುಡಿಯ ರೂಪದಲ್ಲಿ ಸಿಕ್ಕವು. ಒಂದೇ ಅಳತೆಯ ಸಣ್ಣ ಬಾಟಲಿಗಳು, ಒಂದೇ ತರದ ಮುಚ್ಚಳ, ಮೈಗೆ ಕಾಗದದ ಲೇಬಲ್ಲು, ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು. ಹೊರಗಿನಿಂದ ತಂದ ಮದ್ದನ್ನು ಮನೆಯವರೇ ಮಂಚದಡಿ ಇಟ್ಟುಕೊಂಡು, ಸಿಸ್ಟರು ಕೇಳಿದಾಗ ತೆಗೆದುಕೊಡುವುದು ಅಲ್ಲಿನ ರೂಢಿ.

ಆ ಮಧ್ಯಾಹ್ನ ನಾನು ನಾಲ್ಕನೆಯ ಟ್ಯೂಬು ತೆಗೆದು ಐಸಿನಲ್ಲಿ ಹುಗಿಯುತ್ತಿದ್ದಾಗ ತಾಂಡೇಲರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಇಷ್ಟು ರಕ್ತ ತೆಗುದು ಎಂತಕ್ಕೆ ಬಾಯೋರೆ? ಅದ್ರ ಮೈಲಿ ಎಷ್ಟದೆ ರಕ್ತ?" ಎಂದು ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದರು. ಮೂರು ಸಲವೂ ಉತ್ತರ ಹೇಳಿದ್ದೆ. ಈಗ ನಾಲ್ಕನೆಯದು ಬಂತು: "ಐಸಲ್ಲಿ ಇಡೂದು ಎಂತಕ್ಕೆ?"

ನನಗೆ ಊಟವಾಗಿರಲಿಲ್ಲ. ಅಲ್ಲಿ ಲ್ಯಾಬಿನ ಎದುರು ಹತ್ತು ಜನ ಸಾಲು ಹಿಡಿದಿದ್ದರು. ಮೈಯೆಲ್ಲ ಉರಿಯಿತು. "ಅಯ್ಯೋ ತಾಂಡೇಲರೆ, ಹುಟ್ಟಾ ಮೀನು ಹಿಡ್ಯುವವ್ರು ನೀವು, ಇದನ್ನ ನಂಗೆ ಕೇಳ್ತ್ರಾ? ಹೊರಗಿಟ್ರೆ ಕೆಡ್ತದೆ!"

"ಮದ್ದೂ ಕೆಡ್ತದಾ?"

"ಮದ್ದಾಗ್ಲಿ ರಕ್ತ ಆಗ್ಲಿ, ಈ ಸೆಕೆಯಲ್ಲಿ ಎಲ್ಲಾ ಕೆಡೂದೇ" ಎಂದು ಬಾಯಿಗೆ ಬಂದದ್ದನ್ನು ಆಡಿ ನಡೆದುಬಿಟ್ಟೆ. ಆ ಪುಡಿಯ ಬಾಟಲಿಗಳನ್ನು ಹೊರಗಿಟ್ಟರೆ ಏನೂ ಆಗುತ್ತಿರಲಿಲ್ಲ. ಎರಡು ನಿಮಿಷ ನಿಂತು ಹೇಳಿದ್ದರೆ ಮುಗಿಯುತ್ತಿತ್ತು.

ಮಾರನೆಯ ಬೆಳಿಗ್ಗೆ ಹೋದಾಗ ಹುಡುಗಿ ಎಚ್ಚರವಾಗಿದ್ದಳು. ಅಟ್ರೋಪಿನ್ನಿನಿಂದ ಬಾಯಿ ಒಣಗಿ ಮಾತು ತೊದಲುತ್ತಿತ್ತು, ಆದರೆ ಕಣ್ಣು ತಿಳಿಯಾಗಿತ್ತು. ವಾರ್ಡಿನ ಡಾಕ್ಟರು ಆಗಷ್ಟೇ ನೋಡಿಹೋಗಿದ್ದರು. ಜ್ವರ ಕಂಡಿತ್ತೆಂದು ಮೊದಲು ಬರೆದ ಆಂಟಿಬಯಾಟಿಕ್ ಬೇಡ, ಬೇರೆಯದು ಕೊಡಿ ಎಂದು ಬದಲಿಸಿದ್ದರು. ಅಪ್ಪ ಕಾಣಲಿಲ್ಲ. ನಾನು ತೋಳಿಗೆ ಪಟ್ಟಿ ಕಟ್ಟುವಾಗ ಅವಳು ನನ್ನ ಸೆರಗು ಹಿಡಿದಳು.

"ಬಾಯೋರೆ, ಗಂಜಿ ಕುಡುದ್ರೆ ಅಡ್ಡಿಲ್ವಾ?"

"ಹಸಿವಾಗ್ತದಾ? ಒಳ್ಳೇದೇ ಆಯ್ತಲ್ಲೇ."

"ನಂಗೆ ಬದುಕ್ಬೇಕು ಬಾಯೋರೆ. ತಪ್ಪಾಯ್ತು. ಎಂತ ಮಾಡ್ದೆ ನಾನು… ಅಪ್ಪಂಗೆ ಹೇಳಿ. ನಂಗೆ ಹೇಳೂಕೆ ಹೆದ್ರಿಕೆ ಆಗ್ತದೆ."

"ನೀನೇ ಹೇಳೇ. ಅವ್ರೇನು ಹುಲಿಯಾ, ತಿಂತಾರಾ?" ಎಂದು ಅವಳ ಗಲ್ಲ ತಟ್ಟಿದೆ. ಆ ಮಾತು ಅವಳ ಬಾಯಿಂದಲೇ ಬರಲಿ, ಅಪ್ಪ ಮಗಳು ಇಬ್ಬರೇ ಅತ್ತು ಹಗುರವಾಗಲಿ ಎಂದುಕೊಂಡಿದ್ದೆ. ಅಂಥ ದೊಡ್ಡ ವಿಚಾರವೇನೂ ಮಾಡಿರಲಿಲ್ಲ, ನಿಜ ಹೇಳಬೇಕೆಂದರೆ. ಆರನೆಯ ಟ್ಯೂಬಿನ ಹೊತ್ತು ಮೀರುತ್ತಿತ್ತು.

ಹೊರಗೆ ಬರುವಾಗ ತಾಂಡೇಲರು ಎದುರಾದರು. ತಲೆಯ ಮೇಲೆ ಚೀಲದಲ್ಲಿ ಐಸು. ಬಂದರಿನಿಂದ ನಡೆದೇ ಬಂದಿದ್ದರು, ನೀರು ಅವರ ಕಿವಿಯ ಹಿಂದೆ ಇಳಿಯುತ್ತಿತ್ತು. ಮಂಚದಡಿ ಒಂದು ಥರ್ಮಾಕೋಲ್ ಡಬ್ಬಿ ಇದ್ದದ್ದನ್ನು ಆಗ ನೋಡಿದೆ. ಮುಚ್ಚಳಕ್ಕೆ ಮೀನಿನ ಹುರುಪೆ ಒಣಗಿ ಅಂಟಿತ್ತು.

"ಏನ್ರೀ ತಾಂಡೇಲರೆ, ವಾರ್ಡಲ್ಲೇ ಮೀನು ಮಾರೂಕೆ ಕೂತ್ರಾ?"

ಅವರು ನಕ್ಕರು. ನಾನು ಅವರು ನಕ್ಕದ್ದನ್ನು ಕಂಡದ್ದು ಅದೊಂದೇ ಸಲ. "ಮದ್ದು ಬಾಯೋರೆ. ನೀವೇ ಹೇಳಿದ್ರಲಾ, ಸೆಕೆಗೆ ಕೆಡ್ತದೆ ಅಂದಿ."

"ಶಾಣ್ಯಾ ಇದ್ರಿ" ಎಂದೆ. ಹೇಳಿದ ಮಾತು ಕೇಳುವ ಜನ ಸಿಕ್ಕರಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಡಬ್ಬಿಯ ಮುಚ್ಚಳ ತೆಗೆದು ನೋಡಲಿಲ್ಲ.

ಮೂರನೆಯ ದಿನ ಅವಳಿಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಈ ವಿಷ ಕುಡಿದವರಲ್ಲಿ ಹೀಗಾಗುವುದುಂಟು. ಚೇತರಿಸಿಕೊಂಡರು ಎನ್ನುವಾಗ ಕುತ್ತಿಗೆ ಸೋಲುತ್ತದೆ, ಆಮೇಲೆ ಉಸಿರಿನ ಸ್ನಾಯು ಸೋಲುತ್ತದೆ. ಸಂಜೆಯೊಳಗೆ ಉಸಿರಿನ ಯಂತ್ರಕ್ಕೆ ಹಾಕಿದರು. ಬಾಯಲ್ಲಿ ನಳಿಗೆ, ಮಾತಿಲ್ಲ. ನಾನು ರಕ್ತ ತೆಗೆಯುವಾಗ ಕಣ್ಣು ಮಾತ್ರ ನನ್ನನ್ನು ಹಿಂಬಾಲಿಸುತ್ತಿತ್ತು. ಸಿಸ್ಟರು ಮಂಚದಡಿ ಕೈ ಚಾಚಿದಾಗಲೆಲ್ಲ ತಾಂಡೇಲರು ಡಬ್ಬಿಯಿಂದ ಪ್ಯಾಮಿನ ಬಾಟಲಿ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸಿ ಕೊಡುತ್ತಿದ್ದರು. ಸಿಸ್ಟರು ಹೆಸರು ಓದಿ, ಪುಡಿ ಕಲಸಿ, ಡ್ರಿಪ್ಪಿಗೆ ಸೇರಿಸುತ್ತಿದ್ದರು. ಪುಡಿಯ ಪ್ಯಾಮನ್ನು ನಮ್ಮಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ. ಕಲಸಿದ ನೀರು ತುಸು ಹಳದಿ ಇದ್ದದ್ದು ಯಾರ ಮನಸ್ಸಿಗೂ ಹೊಳೆಯಲಿಲ್ಲ. ಐದನೆಯ ದಿನ ಮಧ್ಯಾಹ್ನಕ್ಕೆ ಮೊದಲು ಅವಳು ತೀರಿಕೊಂಡಳು.

ತಾಂಡೇಲರು ಅಳಲಿಲ್ಲ, ಕೂಗಲಿಲ್ಲ. ಹೆಣ ಒಯ್ಯುವಾಗ ಡಬ್ಬಿಯಲ್ಲಿ ಉಳಿದಿದ್ದ ಬಾಟಲಿಗಳನ್ನು ಸಿಸ್ಟರ ಮೇಜಿನ ಮೇಲಿಟ್ಟು, "ಮತ್ಯಾರಿಗಾರೂ ಕೊಡಿ" ಎಂದರಂತೆ. ಅವು ಆಂಟಿಬಯಾಟಿಕ್ ಎಂದು ಲೇಬಲ್ಲಿದ್ದವು, ಮೊದಲು ಬರೆದು ಆಮೇಲೆ ಬೇಡವೆಂದದ್ದು. ವಾರ್ಡಿನ ಫ್ರಿಜ್ಜು ಕೆಟ್ಟಿತ್ತೆಂದು ಸಿಸ್ಟರು ಅವನ್ನು ನನ್ನ ಲ್ಯಾಬಿನ ಫ್ರಿಜ್ಜಿನಲ್ಲಿ ಇಡಲು ತಂದರು. ನಾನು ಬಾಗಿಲ ಕಪಾಟಿನಲ್ಲಿ ನಿಲ್ಲಿಸಿದೆ.

ಒಂದೂವರೆ ತಿಂಗಳು ಕಳೆದಿರಬೇಕು. ಆ ಡಾಕ್ಟರರ ಫೋನು ಬಂತು. ದನಿ ಎಂದಿನಂತೆ ಮೆತ್ತಗೆ, ಆದರೆ ಮಾತು ಅಳೆದು ಆಡುತ್ತಿದ್ದರು. "ಬೆಳಂಬಾರದ ಹುಡುಗಿಯದು ಒಂದು ತೊಂದರೆ ಆಗಿದೆಯಮ್ಮಾ. ಒಂದರಿಂದ ಐದು ಟ್ಯೂಬಿನಲ್ಲಿ ಪ್ಯಾಮ್ ಚೆನ್ನಾಗಿದೆ. ಆರರಲ್ಲಿ ಸ್ವಲ್ಪವೇ. ಏಳರಿಂದ ಮುಂದೆ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಬೇರೆ ಯಾರದೋ ಟ್ಯೂಬು ಸೇರಿಹೋಯಿತೇ?"

"ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಟ್ಯೂಬು ಅದಲುಬದಲು ಮಾಡಿಲ್ಲ ಸರ್. ನಿಮ್ಮ ಯಂತ್ರ ನೋಡ್ಕೊಳ್ಳಿ ಮೊದಲು" ಎಂದುಬಿಟ್ಟೆ.

"ಯಂತ್ರ ಎರಡು ಸಲ ನೋಡಿದೆವು. ಹಾಗಾದರೆ ಮದ್ದೇ ಹೋಗಿಲ್ಲ ಅಂತಾಯಿತು. ಸ್ವಲ್ಪ ವಿಚಾರಿಸಿ."

ಫೋನಿಟ್ಟು ಸಿಟ್ಟಿನಲ್ಲಿ ಪುಸ್ತಕ ತೆಗೆದು ನೋಡಿದೆ. ಏಳನೆಯ ಟ್ಯೂಬು ಎರಡನೆಯ ದಿನ ಮಧ್ಯಾಹ್ನದ್ದು. ವಾರ್ಡಿನ ಚಾರ್ಟು ತರಿಸಿದೆ. ಆಸ್ಪತ್ರೆಯ ಪ್ಯಾಮ್ ಅದೇ ದಿನ ನಸುಕಿಗೇ ಮುಗಿದಿತ್ತು, ಹೊರಗಿನಿಂದ ತಂದದ್ದರ ಮೊದಲ ಬಾಟಲಿ ಹಾಕಿದ್ದು ಬೆಳಿಗ್ಗೆ ಹತ್ತಕ್ಕೆ. ಅಂಗಡಿಯವನು ಖೊಟ್ಟಿ ಮಾಲು ಕೊಟ್ಟಿರಬೇಕು ಎಂದುಕೊಂಡು, ಅವನಿಗೆ ಏನೇನು ಬಯ್ಯಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತ ಫ್ರಿಜ್ಜಿನ ಬಾಗಿಲು ತೆರೆದೆ. ಅದೇ ಅಂಗಡಿಯ ಮಾಲು ಅಲ್ಲಿತ್ತಲ್ಲ, ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದೆ. ಲೇಬಲ್ಲು ನೆಟ್ಟಗೇ ಇತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ಕಾಗದದಡಿ ಸಣ್ಣ ಉಬ್ಬು. ಉಗುರಿನಿಂದ ಕೆರೆದೆ. ಒಣಗಿ ಗಾಜಿನಂತಾದ ಒಂದು ಅನ್ನದ ಅಗುಳು ಕೈಗೆ ಬಂತು.

ಇನ್ನೊಂದು ಬಾಟಲಿ ತೆಗೆದೆ, ಮತ್ತೊಂದು ತೆಗೆದೆ. ಎಲ್ಲದರ ಲೇಬಲ್ಲಿನ ಹಿಂದೆಯೂ ಅನ್ನ ಒರೆಸಿದ ಕಲೆ. ಆ ಆಂಟಿಬಯಾಟಿಕ್ಕಿನ ಪುಡಿ ತುಸು ಹಳದಿ ಇರುತ್ತದೆ, ವಾರ್ಡಿನಲ್ಲಿ ದಿನಾ ನೋಡುವಂಥದ್ದು. ಇದು ಹಿಟ್ಟಿನಷ್ಟು ಬೆಳ್ಳಗಿತ್ತು.

ಆ ವಾರದ ಡಬ್ಬಿಯಲ್ಲಿ ಒಂದು ಬಾಟಲಿಯನ್ನೂ ಇಟ್ಟು ಕಳಿಸಿದೆ. ಡಾಕ್ಟರು ನಾಲ್ಕೇ ದಿನಕ್ಕೆ ಫೋನು ಮಾಡಿದರು. "ಅದರಲ್ಲಿರುವುದು ಅಪ್ಪಟ ಪ್ಯಾಮ್" ಎಂದರು. ಅವಳ ಮೈಗೆ ಸೇರಬೇಕಾದದ್ದು ಅಷ್ಟು ದಿನ ನನ್ನ ಫ್ರಿಜ್ಜಿನ ಬಾಗಿಲಲ್ಲಿ ನಿಂತಿತ್ತು. ಅವಳ ಮೈಗೆ ಹೋದದ್ದು ಬೇಡವೆಂದು ನಿಲ್ಲಿಸಿದ ಆಂಟಿಬಯಾಟಿಕ್. ಆದದ್ದನ್ನು ಆದಂತೆ ಬರೆದುಕೊಡುತ್ತೇನೆ, ಅದಕ್ಕೆ ಮೊದಲು ಒಂದು ಸಲ ಬೆಳಂಬಾರಕ್ಕೆ ಹೋಗಿಬರುತ್ತೇನೆ ಎಂದೆ. "ಹೋಗಿ ಏನು ಹೇಳುತ್ತೀರಿ?" ಎಂದು ಡಾಕ್ಟರು ಕೇಳಿದರು.

ಆ ಭಾನುವಾರ ಅಂಕೋಲೆಗೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಿಷ ಕುಡಿದ ಹುಡುಗಿಯ ಮನೆ ಎಂದರೆ ಮಕ್ಕಳೂ ಬೆರಳು ತೋರಿಸುತ್ತವೆ. ತಾಂಡೇಲರು ಅಂಗಳದಲ್ಲಿ ಬಲೆ ಹರವಿಕೊಂಡು ಕೂತಿದ್ದರು. ಸೂಜಿ ಕೈಯಲ್ಲಿತ್ತು, ಹೊಲಿಯುತ್ತಿರಲಿಲ್ಲ. ಗಡ್ಡ ಬಿಟ್ಟಿದ್ದರು. ಆವತ್ತಿನಿಂದ ಸಮುದ್ರಕ್ಕೆ ಇಳಿದಿಲ್ಲ ಎಂದು ಟೆಂಪೋದಲ್ಲೇ ಯಾರೋ ಹೇಳಿದ್ದರು. ನನ್ನನ್ನು ಕಂಡವರೇ ಗಡಬಡಿಸಿ ಎದ್ದು, ಮಣೆ ಹಾಕಿ, ಒಳಗೆ ಕೂಗಿ ಚಾ ಮಾಡಲು ಹೇಳಿದರು. ಒಳಗಿನಿಂದ ಅವರ ಹೆಂಡತಿ ಒಮ್ಮೆ ಇಣುಕಿ ಒಲೆಯ ಕಡೆಗೆ ಹೋದರು.

ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. "ಊರವ್ರು ಏನೇನೋ ಹೇಳ್ತ್ರು ಬಾಯೋರೆ. ತಡ ಮಾಡ್ದೆ ಅಂತ್ರು, ದೊಡ್ಡ ಆಸ್ಪತ್ರೆಗೆ ಒಯ್ಯುಕಾಗಿತ್ತು ಅಂತ್ರು. ಅನ್ಲಿ. ಮದ್ದಿನ ವಿಷಯದಲ್ಲಿ ನಾ ಒಂದು ಕೂದ್ಲಷ್ಟೂ ತಪ್ಪು ಮಾಡ್ಲಿಲ್ಲ. ಒಂದೇ ಒಂದು ಬಾಟ್ಲಿ ಕೆಡೂಕೆ ಬಿಡ್ಲಿಲ್ಲ. ಮೊದ್ಲನೇ ದಿನದ ಐಸು ಬೆಳಗಾಗೂದ್ರೊಳಗೆ ಕರಗಿ, ಬಾಟ್ಲಿ ಮೇಲಿನ ಚೀಟಿ ಎಲ್ಲಾ ಕಿತ್ತು ನೀರಲ್ಲಿ ತೇಲ್ತಿತ್ತು. ಸಿಸ್ಟರು ನೋಡಿದ್ರೆ ಬಯ್ತ್ರು ಅಂತ ಹೆದ್ರಿಕೆ. ಬಿಳಿ ಪುಡಿದು ಒಂದು ಕಡೆ, ಹಳದಿದು ಒಂದು ಕಡೆ ಮಾಡಿ, ಒಂದೇ ನಮೂನಿ ಚೀಟಿ ಒಂದೇ ಕಡೆ ಬರೂ ಹಾಂಗೆ ಒಂದೊಂದೇ ಒಣಗ್ಸಿ, ಬುತ್ತಿ ಅನ್ನ ಹಚ್ಚಿ, ನೆಟ್ಟಗೆ ಅಂಟಿಸ್ದೆ. ಯಾರಿಗೂ ಗೊತ್ತೇ ಆಗ್ಲಿಲ್ಲ!" ಎಂದು ನನ್ನ ಮುಖ ನೋಡಿದರು. ಆ ಕಣ್ಣಲ್ಲಿ ಇದ್ದದ್ದು ಹೆಮ್ಮೆ. ದೇವರಾಣೆ, ಹೆಮ್ಮೆಯೇ. ಮಗಳಿಗಾಗಿ ತಾನು ಸರಿಯಾಗಿ ಮಾಡಿದ ಒಂದೇ ಒಂದು ಕೆಲಸ ಎಂದು ಆತ ಅದನ್ನು ಒಂದೂವರೆ ತಿಂಗಳು ಎದೆಗವಚಿಕೊಂಡು ಕೂತಿದ್ದರು.

"ನೀವು ಅಳ್ದ್ರಲ್ಲಾ," ಎಂದರು ಆಮೇಲೆ. "ರಕ್ತದಲ್ಲಿ ಮದ್ದು ಸಮಾ ಇತ್ತಲ್ಲಾ?"

ಬಸ್ಸಿನಲ್ಲಿ ಕೂತು ಏನೆಲ್ಲ ಜೋಡಿಸಿಕೊಂಡು ಬಂದಿದ್ದೆನೋ ಎಲ್ಲ ಹಾರಿಹೋಯಿತು. "ಇತ್ತು. ಬೇಕಾದಷ್ಟು ಇತ್ತು" ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಯೇ ನನಗೆ ಎಂದು ನನಗೇ ಆಶ್ಚರ್ಯವಾಯಿತು.

ಅವರು ತಲೆ ಆಡಿಸಿದರು. ಬಹಳ ಹೊತ್ತು ಆಡಿಸುತ್ತಲೇ ಇದ್ದರು. "ನಂಗೂ ಹಾಂಗೇ ಅನ್ಸಿತ್ತು" ಎಂದರು. "ಮದ್ದು ಸರಿಯಾಗಿ ಹೋಗಿಯೂ ಸತ್ತಿತು ಅಂದ್ರೆ, ಅದಕ್ಕೇ ಬದುಕೂಕೆ ಬೇಡಾಗಿತ್ತು. ನನ್ನ ಮೇಲಿನ ಸಿಟ್ಟು. ಆ ಸಿಟ್ಟು ಇಳಿಲೇ ಇಲ್ಲ ಅದಕ್ಕೆ."

ಥೂ, ಏನು ಮಾಡಿಬಿಟ್ಟೆ ನಾನು! ಅಪ್ಪನನ್ನು ಉಳಿಸಲು ಹೋಗಿ, ನನ್ನ ಸೆರಗು ಹಿಡಿದು ಗಂಜಿ ಕೇಳಿದ ಹುಡುಗಿಯ ಮೇಲೆ ಹೊರೆ ಹಾಕಿದ್ದೆ. ಅವಳ ಪರವಾಗಿ ಮಾತಾಡುವವರು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಅವಳು ಹೇಳಿ ಕಳಿಸಿದ ಮಾತನ್ನು ನಾನು ಅವತ್ತೂ ತಲುಪಿಸಿರಲಿಲ್ಲ, ಇಷ್ಟು ದಿನವೂ ತಲುಪಿಸಿರಲಿಲ್ಲ.

"ಸುಳ್ಳು ಹೇಳ್ದೆ ತಾಂಡೇಲರೆ" ಎಂದೆ. "ಮದ್ದು ಹೋಗ್ಲಿಲ್ಲ."

ಆಮೇಲೆ ಎಲ್ಲ ಹೇಳಿದೆ. ಐಸಿನ ಮಾತು ಅರ್ಧಂಬರ್ಧ ಆಡಿದ್ದು ನಾನು ಎಂದು ಮೊದಲು ಹೇಳಿದೆ. ಡಬ್ಬಿ ಕಂಡೂ ಮುಚ್ಚಳ ತೆಗೆಯದೆ ಹೋದವಳು ನಾನು ಎಂದೆ. ಚೀಟಿ ಒಂದಕ್ಕೊಂದು ಅದಲುಬದಲಾದದ್ದನ್ನು ಕೊನೆಗೆ ಹೇಳಿದೆ. ಅದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಲು ನೋಡಿದೆ. ಅಂಥ ಮಾತನ್ನು ಮೆತ್ತಗೆ ಹೇಳಲು ಬರುವುದಿಲ್ಲ. ಮತ್ತೆ ಅವಳು ಎರಡನೆಯ ದಿನ ಬೆಳಿಗ್ಗೆ ಆಡಿದ ಮಾತು. ಒಂದಕ್ಷರ ಬಿಡದೆ ಅವಳು ಹೇಳಿದಂತೆಯೇ ಹೇಳಿದೆ. ಮೂಗು ಸೋರಿತು, ಸೆರಗಿನಲ್ಲಿ ಒರೆಸಿಕೊಂಡು ಮುಗಿಸಿದೆ.

ಬಯ್ಯಲಿ ಎಂದು ಕಾದೆ. ಮಣೆ ಎತ್ತಿ ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ. ಅವರು ಬಲೆಯ ಸೂಜಿಯನ್ನು ಕೆಳಗಿಟ್ಟು, ಎರಡೂ ಅಂಗೈಯನ್ನು ಮೊಣಕಾಲಿನ ಮೇಲೆ ತಿಕ್ಕುತ್ತ ಕೂತರು.

"ಆ ಮದ್ದು ಹೋಗಿದ್ರೆ ಬದುಕ್ತಿತ್ತಾ?"

"ಗೊತ್ತಿಲ್ಲ. ಸತ್ಯವಾಗ್ಲೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಮದ್ದು ಸರಿಯಾಗಿ ಹೋದವ್ರೂ ಸತ್ತಿದ್ದಾರೆ ನಮ್ಮಲ್ಲಿ."

"ಗೊತ್ತಿಲ್ಲದೆ ಎಂತಕ್ಕೆ ಅಳ್ದ್ರಿ?"

"ಗೊತ್ತಾಗ್ಲಿ ಅಂತ್ಲೇ ಅಳ್ದದ್ದು."

ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಡಾಕ್ಟರು ಹೇಳುವ "ಹೇಳಲಿಕ್ಕಾಗದು" ಎಂಬುದು ನನಗಾದರೆ ಕಾಲೂರಿ ನಿಲ್ಲಲು ಒಂದಿಷ್ಟು ಜಾಗ ಕೊಟ್ಟಿತ್ತು. ರಾತ್ರಿ ನಿದ್ದೆ ಬರದಿದ್ದಾಗ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಅವರಿಗೂ ಅದನ್ನೇ ಕೊಡಲು ನೋಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ಬದುಕ್ತಿತ್ತು" ಎಂದರು. ದನಿ ಗಟ್ಟಿಯಾಗಿತ್ತು. "ಗಂಜಿ ಕೇಳಿತ್ತು ಅಂದ್ರಿ. ಬದುಕ್ಬೇಕು ಅಂದಿತ್ತು ಅಂದ್ರಿ. ಮದ್ದು ಹೋಗಿದ್ರೆ ಬದುಕ್ತಿತ್ತು ನನ್ನ ಹುಡ್ಗಿ."

ಮಗಳು ತನ್ನನ್ನು ಬಿಟ್ಟುಹೋದಳು ಎನ್ನುವುದಕ್ಕಿಂತ ತಾನೇ ಕೊಂದೆ ಎನ್ನುವುದು ಅವರಿಗೆ ಹಗುರವಾಗಿ ಕಂಡಿತು. ನಾನು ಬೇಡ ಎನ್ನಲು ಹೋದೆ. ಅವರು ಕೈ ಎತ್ತಿದರು, ದೋಣಿಯ ಮೇಲೆ ಎತ್ತುವ ಹಾಗೆಯೇ ಇರಬೇಕು. ನನ್ನ ಬಾಯಿ ಮುಚ್ಚಿತು.

"ಒಳಗೆ ಹೋಗಿ ಅದ್ರ ಅವ್ವಿಗೆ ಇಷ್ಟು ಹೇಳಿ" ಎಂದರು. "ಬದುಕ್ಬೇಕು ಅಂದಿತ್ತು ಅಂತ ಹೇಳಿ. ಹೆಂಗಸ್ರ ಬಾಯಲ್ಲಿ ಕೇಳ್ಲಿ. ಚೀಟಿದು ನೀವು ಹೇಳೂದು ಬೇಡ. ಅದನ್ನ ನಾ ಹೇಳ್ತೆ."

ಒಳಗೆ ಆ ತಾಯಿ ಒಲೆಯ ಮುಂದೆ ಕೂತಿದ್ದರು, ಚಾ ಕುದಿದು ಕುದಿದು ಕಪ್ಪಾಗಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದೆ. ಗಂಜಿ ಕೇಳಿದ್ದು, ತಪ್ಪಾಯ್ತು ಅಂದದ್ದು, ಅಪ್ಪನಿಗೆ ಹೇಳಲು ಹೆದರಿದ್ದು. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಹೌದಾ ಬಾಯೋರೆ? ನಿಮ್ಮ ಹತ್ರ ಹಾಂಗೆ ಹೇಳ್ತಾ? ಇನ್ನೊಂದ್ಸಲ ಹೇಳಿ" ಎಂದರು. ಇನ್ನೊಂದು ಸಲ ಹೇಳಿದೆ. ಮೂರನೆಯ ಸಲವೂ ಹೇಳಿಸಿದರು. ಕಣ್ಣೀರು ಇಳಿಯುತ್ತಿತ್ತು, ಆದರೆ ಮುಖ ಎಷ್ಟೋ ದಿನದ ಮೇಲೆ ಗಾಳಿ ಸಿಕ್ಕಿದವರ ಮುಖ. ತಾಂಡೇಲರು ಬಾಗಿಲಿಗೆ ಬಂದು, ಹೆಂಡತಿ ಕೇಳಿ ಮುಗಿಯುವವರೆಗೂ ಚೌಕಟ್ಟು ಹಿಡಿದು ನಿಂತಿದ್ದರು.

ನಾನು ಎದ್ದೆ. ನಾನು ಹೊರಗೆ ದಾಟುವಾಗ ತಾಂಡೇಲರು ಚೀಟಿಯದನ್ನು ಹೇಳಲು ಒಳಗೆ ದಾಟಿದರು. ಟೆಂಪೋ ಬರಲು ಇನ್ನೂ ಅರ್ಧ ಗಂಟೆ ಇತ್ತು, ನಿಲ್ಲುವ ಜಾಗ ಅವರ ಅಂಗಳದ ಎದುರೇ. ನಾನು ನಿಲ್ಲಲಿಲ್ಲ. ಬಿಸಿಲಲ್ಲಿ ಅಂಕೋಲೆಯ ಕಡೆಗೆ ಆದಷ್ಟು ಬೇಗ ಬೇಗ ನಡೆದೆ, ಆ ಮನೆಯೊಳಗಿನಿಂದ ಮುಂದೆ ಬರುವ ಕೂಗು ನನ್ನ ಕಿವಿಗೆ ಬೀಳದಿರಲಿ ಎಂದು.